ನಂದಾಯ್ತು, ನೀವು ತಕಳಿ

ಮೊನ್ನೆ ಭಾನುವಾರ ಗಾಲ್ಫ್ ಚೀಲವನ್ನು ಬಿಸಿಲಿಗೆ ಹಾಕೋಣವೆಂದು ಅಂಗಳಕ್ಕೆ ತಂದು ಬೋರಲು ಹಾಕಿದೆ. ಚೆಂಡುಗಳು, ಹರಿದ ಕೈಗವಸು, ಹಳೆಯ ಬಸ್ ಟಿಕೆಟ್ಟು, ಒಣಗಿ ಕಪ್ಪಾದ ಬಾಳೆಹಣ್ಣಿನ ಸಿಪ್ಪೆ ಎಲ್ಲ ಉದುರಿದ ಮೇಲೂ ಪಕ್ಕದ ಜೇಬಿನಲ್ಲಿ ಏನೋ ಗಟ್ಟಿಯಾಗಿ ಕೈಗೆ ತಾಗುತ್ತಿತ್ತು. ಒಳಬಟ್ಟೆಯ ಹೊಲಿಗೆ ಬಿಟ್ಟು ಅದರ ಸಂದಿಗೆ ಸೇರಿಕೊಂಡಿದ್ದ ಅದನ್ನು ಹೆಂಡತಿಯ ಹೇರ್‌ಪಿನ್ನಿನಿಂದ ಮೀಟಿ ತೆಗೆದೆ. ನೋಡಿದರೆ ಕಡಲೆಕಾಯಿ ಬೆಲ್ಲದ ಉಂಡೆ. ಅರ್ಧ ಉಂಡೆ. ಕಲ್ಲಾಗಿತ್ತು, ಇರುವೆಗಳೂ ಅದರ ಆಸೆ ಬಿಟ್ಟಿದ್ದವು. "ಎಸೀರಿ ಅದನ್ನ, ಅಂಗೈಲಿಟ್ಕೊಂಡು ಏನು ನೋಡ್ತೀರಿ?" ಎಂದಳು ಹೆಂಡತಿ. ಎಸೆಯಲು ಮನಸ್ಸಾಗಲಿಲ್ಲ. ಹೋದ ವರ್ಷ ಹಲಗೂರಿನ ಆಚೆಯ ಮೈದಾನದಲ್ಲಿ ಇದೇ ಜೇಬನ್ನು ತಡಕಾಡಿದ್ದೆ. ಆಗ ಈ ಅರ್ಧ ಉಂಡೆ ಸಿಕ್ಕಿದ್ದರೆ ಸಾಕಾಗಿತ್ತು.

ಮಂಡ್ಯದವನೊಬ್ಬ ತಾನು ಗಾಲ್ಫ್ ಆಡುತ್ತೇನೆ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ಜಮೀನು ಯಾವಾಗ ಮಾರಿದೆ ಎಂದು ಕೇಳುತ್ತಾರೆ. ನಾನು ಮಾರಿಲ್ಲ. ನಾನು ವಿ.ಸಿ. ಫಾರಂನಲ್ಲಿ, ಅಂದರೆ ನಮ್ಮ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಮಣ್ಣು ಪರೀಕ್ಷೆ ಮಾಡುವವನು. ಹಲಗೂರಿನ ಆಚೆ ಗುಡ್ಡದ ಮಗ್ಗುಲಲ್ಲಿ ಯಾವುದೋ ಕಂಪನಿಯವರು ತಮ್ಮ ಅತಿಥಿಗಳಿಗೆಂದು ಒಂಬತ್ತು ಗುಳಿಗಳ ಗಾಲ್ಫ್ ಮೈದಾನ ಮಾಡಿಸಿ, ಅತಿಥಿಗಳು ಬಾರದೆ ಹೋದಾಗ ಅದನ್ನು ಸುತ್ತಲಿನ ನಾಲ್ಕಾರು ಹುಚ್ಚರ ಕೈಗೆ ಬಿಟ್ಟು ಹೋಗಿದ್ದರು. ಅಲ್ಲಿ ಹುಲ್ಲು ಹಳದಿಗಟ್ಟುತ್ತಿದೆ, ಬಂದು ನೋಡಿ ಎಂದು ನನ್ನನ್ನು ಕರೆದರು. ಹೋದೆ, ಮಣ್ಣು ನೋಡಿದೆ, ಮದ್ದು ಹೇಳಿದೆ. ಹೊರಡುವಾಗ ಯಾರೋ ಮರ್ಯಾದೆಗೆಂದು ಕೋಲು ಕೈಗೆ ಕೊಟ್ಟು, "ಒಂದ್ ಸಲ ಒಡೀರಿ ಸಾರ್," ಎಂದರು. ಹುಲ್ಲು ಆ ವರ್ಷವೇ ವಾಸಿಯಾಯಿತು. ನಾನು ಇನ್ನೂ ಆಗಿಲ್ಲ.

ನನ್ನ ಜೊತೆಗಾರ ನನ್ನ ಭಾವ, ಅಂದರೆ ಜಯಕ್ಕನ ಗಂಡ. ಮಂಡ್ಯದ ಅಂಚಿನಲ್ಲಿ ಮನೆ, ಮನೆಯ ಹಿಂದೆಯೇ ಕಬ್ಬು, ಭತ್ತ, ಒಂದು ಜೊತೆ ಎಮ್ಮೆ. ಅರವತ್ತು ದಾಟಿದ ಆಸಾಮಿ. ಮೊದಲ ಸಲ ನನ್ನ ಹಿಂದೆ ಮೈದಾನಕ್ಕೆ ಬಂದದ್ದು ಆಡುವುದಕ್ಕಲ್ಲ, ನನ್ನನ್ನು ಗೇಲಿ ಮಾಡುವುದಕ್ಕೆ. "ಇಷ್ಟ್ ದೊಡ್ ಬಯಲಲ್ಲಿ ರಾಗಿ ಚೆಲ್ಲಿದ್ರೆ ಒಂದೂರು ಉಣ್ಬೋದಿತ್ತು ಕಣ್ಲಾ. ಗರಿಕೆ ಬೆಳ್ಕಂಡು ಕುಂತವ್ರೆ," ಎನ್ನುತ್ತಲೇ ನನ್ನ ಕೈಯ ಕೋಲು ಕಿತ್ತುಕೊಂಡು ಒಂದು ಬೀಸು ಬೀಸಿದರು. ಚೆಂಡು ನಾನು ಕನಸಿನಲ್ಲೂ ಕಳಿಸದಷ್ಟು ದೂರ ಹೋಗಿ, ನೇರವಾಗಿ, ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಬಿತ್ತು. ಭಾವ ಕೋಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಅಯ್ಯೋ ಇಷ್ಟೆಯಾ? ಚಿನ್ನಿದಾಂಡು!" ಎಂದರು. ಅಂದಿನಿಂದ ನನಗಿಂತ ಮೊದಲೇ ಶೂ ಹಾಕಿಕೊಂಡು ಗೇಟಿನಲ್ಲಿ ನಿಂತಿರುತ್ತಾರೆ.

ಅವರ ಚಿನ್ನಿದಾಂಡಿನ ಕೈ ನನಗೆ ಗೊತ್ತಿದ್ದದ್ದೇ. ಮದುವೆಯಾದ ಮೇಲೆ ಮೊದಲ ಹಬ್ಬಕ್ಕೆ ಬಂದ ಹೊಸ ಅಳಿಯ, ಜರಿ ಪಂಚೆ ಎತ್ತಿ ಕಟ್ಟಿ ನಮ್ಮ ಜೊತೆ ಬೀದಿಗಿಳಿದಿದ್ದರು. ಅವರು ಹೊಡೆದ ಚಿನ್ನಿ ಜಗಲಿಯ ಮೇಲಿದ್ದ ಅಜ್ಜಿಯ ಮಜ್ಜಿಗೆ ಗಡಿಗೆಯನ್ನು ಒಡೆಯಿತು. ಹೊಸ ಅಳಿಯನನ್ನು ಬೈಯುವಂತಿಲ್ಲ. ಅಜ್ಜಿ ನನ್ನ ಕಿವಿ ಹಿಂಡಿದಳು. ಭಾವನ ಹೊಡೆತಕ್ಕೆ ನಾನು ಬೈಸಿಕೊಳ್ಳುವ ಪದ್ಧತಿ ಅಂದು ಶುರುವಾದದ್ದು ಇಂದಿಗೂ ನಡೆದುಕೊಂಡು ಬಂದಿದೆ.

ಆಗಿನ ಬೇಸಿಗೆಗಳಲ್ಲಿ ಬೆಳಿಗ್ಗೆ ಹೊರಬಿದ್ದರೆ ದೀಪ ಹಚ್ಚುವ ತನಕ ಆಟ. ಸುಸ್ತು ಎಂಬ ಮಾತೇ ನಮಗೆ ಗೊತ್ತಿರಲಿಲ್ಲ. ಚಡ್ಡಿ ಜೇಬಿನ ತುಂಬ ಹುರಿಗಡಲೆ, ಅದರ ನಡುವೆ ಬೆವರಿಗೆ ಕರಗಿ ಬಟ್ಟೆಗೆ ಅಂಟಿಕೊಂಡ ಬೆಲ್ಲ. ಆಲೆಮನೆಯ ಕಡೆ ಆಟ ಹೊರಳಿದರಂತೂ ಕಬ್ಬಿನ ಗರಿಯ ಮೇಲೆ ಬಿಸಿ ಬೆಲ್ಲ ಹಾಕಿಸಿಕೊಂಡು, ನಾಲಗೆ ಸುಟ್ಟುಕೊಂಡು, ಮತ್ತೆ ಓಡುತ್ತಿದ್ದೆವು. ಗಮನವಿಟ್ಟು ಆಡು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಗಮನ ಬೇರೆ ಕಡೆ ಹೋದರೆ ಚಿನ್ನಿ ಹಣೆಗೆ ಬಂದು ಬೀಳುತ್ತಿತ್ತು, ಅಷ್ಟೇ.

ಈಗ ಐವತ್ತು ದಾಟಿದ ನಾನು ದಿನವಿಡೀ ಆಡುವುದು ಹೇಗೆಂದು ಮೊಬೈಲಿನಲ್ಲಿ ಓದುತ್ತೇನೆ. ಎರಡು ಗುಳಿಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಬೇಕಂತೆ. ಬಾಯಾರುವ ಮೊದಲೇ ನೀರು ಕುಡಿಯಬೇಕಂತೆ. ಮಧ್ಯಾಹ್ನ ಹೊಟ್ಟೆ ಬಿರಿಯ ಉಣ್ಣಬಾರದಂತೆ. ಹೊಡೆಯುವ ಮುಂಚೆ ದೀರ್ಘವಾಗಿ ಉಸಿರೆಳೆದುಕೊಳ್ಳಬೇಕಂತೆ. ನಾನು ನೆನೆಸಿದ ಬಾದಾಮಿ ಡಬ್ಬಿಯಲ್ಲಿ ಒಯ್ಯುತ್ತೇನೆ. ಅದನ್ನು ಕಂಡರೆ ಭಾವನಿಗೆ ಎಲ್ಲಿಲ್ಲದ ಖುಷಿ. "ಎಣ್ಸಿ ಎಣ್ಸಿ ತಿಂತಾನೆ ನೋಡು. ನಿಮ್ಮಕ್ಕ ತಮ್ಮನ್ನ ಸಾಕವ್ಳೋ ಗಿಣಿ ಸಾಕವ್ಳೋ?" ಎನ್ನುತ್ತಾರೆ. ಉಸಿರೆಳೆದುಕೊಂಡು ನಿಂತರೆ, "ಏನ್ಲಾ, ಮುಳುಗ್ತೀಯಾ?" ಎಂದು ಹಿಂದಿನಿಂದ ಕೇಳುತ್ತಾರೆ. ಅವರ ಪದ್ಧತಿಯೇ ಬೇರೆ. ಒಂದು ಹೊಡೆತಕ್ಕೂ ಇನ್ನೊಂದಕ್ಕೂ ನಡುವಿನ ದಾರಿಯಲ್ಲಿ ಆಟದ ಮಾತೇ ಆಡಬಾರದು. ನಾಲೆ ನೀರು, ಎಮ್ಮೆಯ ಕಾಲುಬಾಯಿ ಜ್ವರ, ಯಾರ ಮಗಳಿಗೆ ಯಾವ ಊರಿನ ಗಂಡು, ಇವನ್ನೇ ಮಾತಾಡುತ್ತ ಚೆಂಡಿನ ಹತ್ತಿರ ಬರುವುದು, ಬಂದ ಮೇಲೆ ಬಾಯಿ ಮುಚ್ಚುವುದು. ನಿಜ ಹೇಳಬೇಕೆಂದರೆ ಬಾದಾಮಿಗಿಂತ ಇದೇ ಮೇಲು.

ವರ್ಷಕ್ಕೊಮ್ಮೆ ಮಂಡ್ಯಕ್ಕೂ ಮಳವಳ್ಳಿಗೂ ನಮ್ಮ ಪಂದ್ಯ. ಮಂಡ್ಯ ಎಂದರೆ ನಾನು ಮತ್ತು ಭಾವ. ಮಳವಳ್ಳಿ ಎಂದರೆ ಅಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಮಾದೇಶ, ಮತ್ತು ಅಲ್ಲಿನ ಕಾಲೇಜಿನಲ್ಲಿ ಗಣಿತ ಕಲಿಸುವ ಸುಜಾತಾ ಮೇಡಂ. ಜೋಡಿಗೆ ಒಂದೇ ಚೆಂಡು, ಒಬ್ಬರಾದ ಮೇಲೆ ಒಬ್ಬರು ಹೊಡೆಯಬೇಕು. ಒಂಬತ್ತು ಗುಳಿಗಳನ್ನು ಬೆಳಗಿನಿಂದ ಸಂಜೆಯ ತನಕ ಮೂರು ಸುತ್ತು ಸುತ್ತಿ, ಕೊನೆಗೆ ಯಾರ ಹೊಡೆತ ಕಡಿಮೆಯೋ ಅವರು ಗೆದ್ದಂತೆ. ಚೆಂಡು ಗುಳಿಗೆ ಬೀಳುವ ಮುಂಚೆ ಯಾರಾದರೂ ಅದನ್ನು ಕೈಗೆ ಎತ್ತಿಕೊಂಡರೆ ಆ ಜೋಡಿಯ ಇಡೀ ದಿನದ ಆಟ ಮುಗಿದಂತೆ. ಇದು ನಾವೇ ಮಾಡಿಕೊಂಡ ಕಟ್ಟು. ಸೋತವರು ಗೆದ್ದವರ ಮನೆಗೆ ಹೋಗಿ ಬಾಡೂಟ ಮಾಡಿ ಬಡಿಸಬೇಕು. ಕೋಳಿ ಹೊತ್ತುಕೊಂಡು ಮಳವಳ್ಳಿಗೆ ಹೋಗಿ ಮಾದೇಶನ ಮನೆಯ ಹಿತ್ತಿಲಲ್ಲಿ ಹೊಗೆ ಕುಡಿಯುತ್ತ ಮುದ್ದೆ ತೊಳಸುವುದು ನಮಗೆ ರೂಢಿಯಾಗಿಬಿಟ್ಟಿತ್ತು. ಮಾದೇಶ ಕುರ್ಚಿಯ ಮೇಲೆ ಕುಳಿತು, "ಗಂಟಾಯ್ತು ಕಣ್ರೀ ಗೌಡ್ರೆ, ಚೆನ್ನಾಗ್ ತೊಳ್ಸಿ," ಎಂದು ಹೇಳುವುದನ್ನು ಭಾವ ಪ್ರತಿ ವರ್ಷ ಹಲ್ಲು ಕಚ್ಚಿ ಕೇಳಿಸಿಕೊಂಡಿದ್ದರು. ತಾವು ಒಂದು ಸಲ ಆ ಕುರ್ಚಿಯ ಮೇಲೆ ಕೂರಬೇಕೆಂಬುದು ಅವರ ಆಸೆ. ಅದಕ್ಕಿಂತ ದೊಡ್ಡ ಆಸೆ ಅವರಿಗೆ ಇನ್ನೊಂದಿತ್ತೆಂದು ನನಗೆ ಅನ್ನಿಸುವುದಿಲ್ಲ.

ಹೋದ ವರ್ಷದ ಪಂದ್ಯದ ಬೆಳಿಗ್ಗೆ ಭಾವ ಕಾರಿಗೆ ಚೀಲ ಹಾಕುತ್ತಿದ್ದಾಗ ಜಯಕ್ಕ ನನ್ನನ್ನು ಅಡುಗೆಮನೆಗೆ ಕರೆದಳು. ಭಾವನಿಗೆ ಸಕ್ಕರೆ ಕಾಯಿಲೆ. ದಿನಾ ಬೆಳಿಗ್ಗೆ ಸೂಜಿ ಚುಚ್ಚಿಕೊಳ್ಳುತ್ತಾರೆ. ಆ ತಿಂಗಳು ಸೂಜಿಯ ಮದ್ದು ಏರಿಸಿದ್ದರು. ಚುಚ್ಚಿಕೊಂಡ ಮೇಲೆ ಹೊತ್ತು ಹೊತ್ತಿಗೆ ಹೊಟ್ಟೆಗೆ ಬೀಳದಿದ್ದರೆ ಸಕ್ಕರೆ ಒಮ್ಮೆಗೇ ಇಳಿದುಬಿಡುತ್ತದೆ. ಅದಕ್ಕೆ ಎರಡು ವಾರದ ಹಿಂದಷ್ಟೇ ಗದ್ದೆಯ ಬದುವಿನ ಮೇಲೆ ಅವರು ಎಲ್ಲಿದ್ದೇನೆಂದು ತಿಳಿಯದೆ ನಿಂತುಬಿಟ್ಟಿದ್ದರಂತೆ. ನಮಗೆ ಯಾರಿಗೂ ಹೇಳಬಾರದೆಂದು ಅಕ್ಕನಿಂದ ಮಾತು ತೆಗೆದುಕೊಂಡಿದ್ದರಂತೆ.

"ಇನ್ನೊಂದ್ ಸಲ ಅಂಗಾದ್ರೆ ಉಳಿಯೋದ್ ಕಷ್ಟ ಅಂದವ್ರೆ ಡಾಕ್ಟ್ರು," ಎಂದಳು ಅಕ್ಕ. ಕಣ್ಣಲ್ಲಿ ನೀರಿರಲಿಲ್ಲ. ಕಡಲೆಕಾಯಿ ಬೆಲ್ಲದ ಉಂಡೆಗಳನ್ನು ಒಂದು ಬಟ್ಟೆ ಸಂಚಿಗೆ ತುಂಬಿ ನನ್ನ ಕೈಗೆ ಕೊಟ್ಟಳು. "ಆಡ್ಬ್ಯಾಡಿ ಅಂದ್ರೆ ಕೇಳಕಿಲ್ಲ. ಗಳಿಗೆ ಗಳಿಗೆಗೂ ಇದ ತಿನ್ಸು. ನಾನ್ ಏಳ್ದೆ ಅಂತ ಅನ್ಬ್ಯಾಡ. ಕರ್ಕಂಡ್ ಓದಂಗೇ ಕರ್ಕಂಡ್ ಬಾ ಕಣಪ್ಪ, ಅಷ್ಟೆಯ."

"ಗುರುತು ಹೆಂಗೆ ಅಕ್ಕ?" ಎಂದೆ.

"ಬೆವರ್ತಾರೆ. ಆಕಳಿಸ್ತಾರೆ. ಸುಮ್ ಸುಮ್ನೆ ರೇಗ್ತಾರೆ."

ಈ ಮೂರನೇ ಗುರುತಿನಿಂದಲೇ ನನಗೆ ದಿಗಿಲಾದದ್ದು. ನೀವೇ ಹೇಳಿ, ನಮ್ಮ ಕಡೆಯ ಗಂಡಸು ಬೈಯುತ್ತಿದ್ದಾನೆ ಎಂದರೆ ಅವನ ಸಕ್ಕರೆ ಇಳಿದಿದೆಯೋ ಅಥವಾ ಗುಂಡುಕಲ್ಲಿನಂತೆ ಆರೋಗ್ಯವಾಗಿದ್ದಾನೋ ತಿಳಿಯುವುದು ಹೇಗೆ? ಭಾವ ಎದ್ದಾಗಿನಿಂದ ಮಲಗುವ ತನಕ ಎಮ್ಮೆಯನ್ನು, ಮೋಟಾರನ್ನು, ಕರೆಂಟನ್ನು, ನನ್ನನ್ನು ಸರದಿಯ ಮೇಲೆ ಬೈಯುತ್ತಾರೆ. ನನ್ನನ್ನು ಬೈಯುವುದು ಪ್ರೀತಿಯ ಬಾಬ್ತು ಎಂದು ನಾನು ನಲವತ್ತು ವರ್ಷದಿಂದ ತಿಳಿದುಕೊಂಡು ಬಂದಿದ್ದೇನೆ. ಈಗ ಪ್ರತಿ ಬೈಗುಳಕ್ಕೂ ಬೆಚ್ಚುವ ಹಾಗಾಯಿತು.

ಮಳೆ ಬಿಟ್ಟ ಮೇಲಿನ ಬಿಸಿಲು ಅಂದು ಬೆಳಿಗ್ಗೆಯೇ ಕುದಿಸುತ್ತಿತ್ತು. ಮೊದಲ ಗುಳಿಯಲ್ಲೇ ನಾಲ್ವರೂ ಬೆವರಿ ತೊಪ್ಪೆಯಾಗಿದ್ದೆವು. ಅಕ್ಕ ಹೇಳಿದ ಮೊದಲ ಗುರುತು ಅಲ್ಲಿಗೇ ಕೆಲಸಕ್ಕೆ ಬಾರದಾಯಿತು. ನಾನು ಭಾವನ ಮುಖ ನೋಡಿಕೊಂಡು ಹೊಡೆದ ಚೆಂಡು ಲಂಟಾನದ ಪೊದೆಗೆ ಹೋಯಿತು. "ಚೆಂಡ್ ನೋಡ್ಲಾ, ನನ್ ಮಕದಲ್ಲೇನ್ ಸಿನಿಮಾ ನಡೀತಾ ಐತಾ?" ಎಂದರು. ಬೈದರು! ನಾನು ಓಡಿಹೋಗಿ ಚೀಲದ ಪಕ್ಕದ ಜೇಬಿನಿಂದ ಸಂಚಿ ತೆಗೆದು ಮುಂದೆ ಹಿಡಿದೆ. "ತಕಳಿ ಬಾವ, ಒಂದ್ ಉಂಡೆ ಬಾಯಿಗ್ ಹಾಕಳಿ." ಭಾವ ಸಂಚಿಯನ್ನೇ ಇಸಿದುಕೊಂಡರು. ನನಗೆ ನೆಮ್ಮದಿಯಾಯಿತು.

ನಾನು ನೆಮ್ಮದಿಪಟ್ಟದ್ದು ಎಷ್ಟು ದೊಡ್ಡ ತಪ್ಪು ಎಂಬುದು ಹೊರಗಿನವರಿಗೆ ತಿಳಿಯಬೇಕಾದರೆ ನಮ್ಮ ಮನೆಗಳ ಒಂದು ಪದ್ಧತಿ ಹೇಳಬೇಕು. ನಾಲ್ಕು ಜನರ ಎದುರು ಒಬ್ಬನೇ ಬಾಯಿಗೆ ಹಾಕಿಕೊಳ್ಳುವುದು ನಮ್ಮಲ್ಲಿ ಕಳ್ಳತನಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಚಿಕ್ಕಂದಿನಲ್ಲಿ ನಾನು ಬಾಗಿಲ ಹಿಂದೆ ನಿಂತು ಕೊಬ್ಬರಿ ತಿನ್ನುತ್ತಿದ್ದದ್ದನ್ನು ಕಂಡು ಅಜ್ಜಿ, "ನಾಯಿಗಾದ್ರೂ ಒಂದ್ ಚೂರ್ ಆಕ್ಬುಟ್ಟು ತಿನ್ಲಾ," ಎಂದಿದ್ದಳು. ಮೊದಲು ಎದುರಿಗಿದ್ದವರಿಗೆ ಕೊಡಬೇಕು. ಅವರು ಬೇಡ ಎನ್ನಬೇಕು. ಮತ್ತೆ ಒತ್ತಾಯ ಮಾಡಬೇಕು. ಆಗ ಅವರು, "ನೀವು?" ಎನ್ನುತ್ತಾರೆ. ಅದಕ್ಕೆ ನಾವು ಹೇಳುವ ಮಾತು ಒಂದೇ: "ನಂದಾಯ್ತು, ನೀವು ತಕಳಿ." ಮಂಡ್ಯ ಸೀಮೆಯಲ್ಲಿ ದಿನಕ್ಕೆ ಅತಿ ಹೆಚ್ಚು ಸಲ ಹೇಳುವ ಸುಳ್ಳು ಇದೇ ಇರಬೇಕು. ತಾಯಂದಿರು ಹೇಳುತ್ತಾರೆ, ಅತ್ತೆಯಂದಿರು ಹೇಳುತ್ತಾರೆ, ಬಡಿಸಲು ನಿಂತ ಪ್ರತಿಯೊಬ್ಬರೂ ಖಾಲಿ ಹೊಟ್ಟೆಯಲ್ಲಿ ಹೇಳುತ್ತಾರೆ. ಇದನ್ನು ಸುಳ್ಳೆಂದು ಯಾರೂ ಎಣಿಸುವುದಿಲ್ಲ, ಹಾಗಾಗಿ ಯಾರೂ ಹಿಡಿಯುವುದೂ ಇಲ್ಲ.

ಭಾವ ಪ್ರತಿ ಎರಡು ಗುಳಿಗೊಮ್ಮೆ ಸಂಚಿ ಬಿಚ್ಚಿ, ಹಂಚಿ, ಮತ್ತೆ ನನ್ನ ಚೀಲದ ಜೇಬಿಗೆ ತುರುಕುತ್ತಿದ್ದರು. ನಾನು ಅದನ್ನು ಕಣ್ಣಾರೆ ನೋಡುತ್ತಿದ್ದೆ. ಮೊದಲು ಸುಜಾತಾ ಮೇಡಂಗೆ. ಆಮೇಲೆ ಮಾದೇಶನಿಗೆ, ಮಾದೇಶ ಒಂದು ಬಾಯಿಗೆ, ಒಂದು ಜೇಬಿಗೆ. ನಂತರ ನನಗೆ. ಕಳೆ ಕೀಳುತ್ತಿದ್ದ ಹೆಂಗಸರನ್ನು ಕಂಡರೆ, "ಬನ್ರವ್ವ, ನೀವೂ ತಕಳಿ," ಎಂದು ಬೇಲಿಯ ತನಕ ನಡೆದುಹೋಗಿ ಕೊಟ್ಟು ಬರುತ್ತಿದ್ದರು. "ನೀವು ತಿಂದ್ರಾ ಬಾವ?" ಎಂದರೆ, "ಆಯ್ತು ಕಣ್ಲಾ, ಎಷ್ಟ್ ಸಲ ಕೇಳೀಯೆ," ಎಂದು ಗದರುತ್ತಿದ್ದರು. ಕೈಗೆ ಬೆಲ್ಲ ಅಂಟಿತ್ತು. ನಂಬಿದೆ.

ಎರಡು ಸುತ್ತು ಮುಗಿದಾಗ ನಾವು ಒಂದೇ ಒಂದು ಹೊಡೆತ ಹಿಂದಿದ್ದೆವು. ಇಷ್ಟು ಹತ್ತಿರ ನಾವು ಯಾವ ವರ್ಷವೂ ಬಂದಿರಲಿಲ್ಲ. ದಿಬ್ಬದ ಮೇಲಿನ ತಗಡಿನ ಶೆಡ್ಡಿನಲ್ಲಿ ಊಟ. ಮಾದೇಶನ ಮನೆಯಿಂದ ಮುದ್ದೆ, ಸೊಪ್ಪಿನ ಸಾರು ಬಂದಿತ್ತು. ಭಾವ ಅಲ್ಲೂ ಕೂರಲಿಲ್ಲ, ಸೌಟು ಹಿಡಿದು ಬಡಿಸಲು ನಿಂತರು. ನಾನು ಮೊಬೈಲಿನ ಪಾಂಡಿತ್ಯದಂತೆ ಅರ್ಧ ಮುದ್ದೆಗೇ ಕೈ ತೊಳೆದೆ. ತೊಳೆದು ಬರುವಷ್ಟರಲ್ಲಿ ಪಡುವಣದಲ್ಲಿ ಮೋಡ ಕಟ್ಟಿತ್ತು. ಮಳೆ ಹಿಡಿದರೆ ಆಟ ಕೆಡುತ್ತದೆ ಎಂದು ಎಲ್ಲರೂ ಗಡಿಬಿಡಿಯಿಂದ ಎದ್ದರು. "ನೀವು ಉಂಡ್ರಾ?" ಎಂದೆ. "ನಂದಾಯ್ತು, ನೀನ್ ನಡಿ," ಎಂದರು ಭಾವ. ಅವರ ತಟ್ಟೆ ಒದ್ದೆಯಾಗಿತ್ತು. ಅದು ಉಂಡು ತೊಳೆದ ಒದ್ದೆಯೋ ಅಥವಾ ಮೊದಲಿನಿಂದಲೇ ಇದ್ದ ಒದ್ದೆಯೋ ನೋಡಬೇಕೆಂದು ನನಗೆ ಹೊಳೆಯಲಿಲ್ಲ.

ಮೂರನೇ ಸುತ್ತಿನಲ್ಲಿ ಭಾವ ಹೊಡೆದ ಹಾಗೆ ನಾನು ಯಾರೂ ಹೊಡೆದದ್ದನ್ನು ನೋಡಿಲ್ಲ. ಮಾತು ಕಡಿಮೆಯಾಗಿತ್ತು. ನಾಲೆ ನೀರಿನ ಸುದ್ದಿ ಇಲ್ಲ, ಎಮ್ಮೆಯ ಸುದ್ದಿ ಇಲ್ಲ. ಗೆಲುವು ಹತ್ತಿರ ಬಂದದ್ದರಿಂದ ಮನಸ್ಸು ಒಂದೇ ಕಡೆ ನೆಟ್ಟಿದೆ ಎಂದುಕೊಂಡೆ. ಒಂದು ಸಲ ಆಕಳಿಸಿದರು. ಊಟವಾದ ಮೇಲೆ ಯಾರಾದರೂ ಆಕಳಿಸುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಮನಸ್ಸು ಒಪ್ಪಲಿಲ್ಲ. ಮತ್ತೆ ಕೇಳಿದರೆ ಅವರ ಗಮನ ಕೆಡುತ್ತದೆ. ಕೇಳದಿದ್ದರೆ ಅಕ್ಕನಿಗೆ ಏನು ಹೇಳಲಿ? ಈ ಜಗ್ಗಾಟದಲ್ಲಿ ನಾನು ಹೊಡೆದ ಚೆಂಡುಗಳನ್ನೆಲ್ಲ ಭಾವ ಮುಂದಿನ ಹೊಡೆತದಲ್ಲಿ ದಾರಿಗೆ ತಂದರು. ಕೊನೆಯ ಗುಳಿಗೆ ಬರುವ ಹೊತ್ತಿಗೆ ಎರಡೂ ಕಡೆ ಸಮ.

ಕೊನೆಯ ಗುಳಿ ಕೆರೆಯ ದಂಡೆಯಲ್ಲಿದೆ. ಮಳವಳ್ಳಿಯವರು ಆಗಲೇ ತಮ್ಮ ಚೆಂಡನ್ನು ಗುಳಿಗೆ ಹಾಕಿ ಮುಗಿಸಿದ್ದರು. ನಮ್ಮದು ಇನ್ನು ಎರಡೇ ಹೊಡೆತದಲ್ಲಿ ಬಿದ್ದರೆ ನಾವು ಗೆದ್ದ ಹಾಗೆ. ಹೊಡೆಯುವ ಸರದಿ ನನ್ನದು. ಅದೇನಾಯಿತೋ, ಅಂದು ಬೆಳಗಿನಿಂದ ಒಂದೂ ಸರಿಯಾಗಿ ಹೊಡೆಯದವನು ಆ ಒಂದನ್ನು ಹೊಡೆದೆ. ಚೆಂಡು ಇಳಿಜಾರಿನಲ್ಲಿ ಮೆಲ್ಲಗೆ ಉರುಳಿ ಗುಳಿಗೆ ಒಂದು ಮೊಳ ದೂರದಲ್ಲಿ ನಿಂತಿತು. ಮಾದೇಶ ಟೋಪಿ ತೆಗೆದು ನೆಲಕ್ಕೆ ಬಡಿದ. ಇನ್ನು ಭಾವ ಕೋಲಿನಿಂದ ಸುಮ್ಮನೆ ಮುಟ್ಟಿಸಿದರೆ ಸಾಕು. ನಾನು ಕುಣಿದಾಡುತ್ತ ಅವರ ಕಡೆ ತಿರುಗಿದೆ.

ಭಾವ ನನ್ನನ್ನು ನೋಡಿ ನಕ್ಕರು. "ತುಂಬ ಚೆನ್ನಾಗ್ ಒಡುದ್ರಿ ಸಾರ್," ಎಂದರು. "ಆ ಕೋಲ್ ಒಸಿ ಕೊಡ್ತೀರಾ? ತೊಂದ್ರೆ ಏನಿಲ್ಲ ತಾನೇ?"

ನಲವತ್ತು ವರ್ಷದಲ್ಲಿ ಭಾವ ನನ್ನನ್ನು ಹೊಗಳಿದ್ದಿಲ್ಲ. ಸಾರ್ ಎಂದದ್ದಿಲ್ಲ. ತೊಂದರೆಯೇ ಎಂದು ಕೇಳಿದ್ದಂತೂ ಇಲ್ಲವೇ ಇಲ್ಲ. ಅಕ್ಕ ರೇಗುತ್ತಾರೆ ಎಂದಿದ್ದಳು. ರೇಗುವ ಹಂತ ಯಾವಾಗಲೋ ದಾಟಿತ್ತು, ಯಾರಿಗೂ ಗೊತ್ತಾಗಿರಲಿಲ್ಲ. ಈಗ ಅವರು ನನ್ನನ್ನು ಯಾರೋ ಅಪರಿಚಿತ ಎಂದುಕೊಂಡು ಮರ್ಯಾದೆ ಕೊಡುತ್ತಿದ್ದರು.

ಚೀಲಕ್ಕೆ ನುಗ್ಗಿ ಪಕ್ಕದ ಜೇಬಿನಿಂದ ಸಂಚಿ ಎಳೆದೆ. ಖಾಲಿ. ಜೇಬಿಗೆ ಕೈ ಹಾಕಿ ತಡಕಾಡಿದೆ, ಪುಡಿ ಮಾತ್ರ ಉಗುರಿಗೆ ಹತ್ತಿತು. ನನ್ನ ಬಾದಾಮಿ ಡಬ್ಬಿ ಯಾವಾಗಲೋ ಬರಿದಾಗಿತ್ತು, ಬಾಳೆಹಣ್ಣು ನಾನೇ ತಿಂದಿದ್ದೆ. "ಮಾದೇಶ, ಭಾವ ಉಂಡೆ ತಿಂದದ್ದು ನೋಡಿದ್ಯೇನಪ್ಪ? ಒಂದಾದ್ರೂ?" ಎಂದು ಕೂಗಿದೆ. ಮಾದೇಶ ಸುಜಾತಾ ಮೇಡಂ ಮುಖ ನೋಡಿದ. ಅವರು ಇವನ ಮುಖ ನೋಡಿದರು. "ನಂದಾಯ್ತು ಅಂದ್ರಲ್ಲ," ಎಂದರು ಮೇಡಂ ಮೆಲ್ಲಗೆ. "ಊಟಕ್ಕೂ ಕೂತಿದ್ದು ನಾನು ನೋಡ್ಲಿಲ್ಲ."

"ಸಕ್ಕರೆ ಇಳ್ದೈತೆ. ಶೆಡ್ಡಲ್ಲಿ ಟೀ ಸಕ್ಕರೆ ಇರ್ತದೆ, ಓಡು," ಎಂದೆ. ಬಟ್ಟೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಮೈ ಬೆಳೆಸಿದ ಮಾದೇಶ ದಿಬ್ಬದ ಕಡೆ ಓಡಿದ. ಅವನು ಓಡಬಲ್ಲ ಎಂದು ನನಗೆ ಗೊತ್ತಿರಲಿಲ್ಲ.

ನಾನು ಭಾವನ ರಟ್ಟೆ ಹಿಡಿದು, "ಬನ್ನಿ, ಕೂತ್ಕಳಿ," ಎಂದೆ. ಕೈ ಒದ್ದೆ, ಐಸಿನಂತೆ ತಣ್ಣಗೆ. "ಇರಿ, ಇದೊಂದ್ ಹಾಕ್ಬುಟ್ಟು," ಎಂದು ಕೊಡವಿಕೊಂಡು, ನಾನು ಬಿಸಾಡಿದ್ದ ಕೋಲು ಎತ್ತಿಕೊಂಡು ಚೆಂಡಿನ ಹತ್ತಿರ ನಡೆದರು. ಹೆಜ್ಜೆ ಅಡ್ಡಾದಿಡ್ಡಿ. ಮತ್ತೆ ಹಿಡಿದೆ, ಮತ್ತೆ ಕೊಡವಿದರು. ಚೆಂಡಿನ ಮುಂದೆ ನಿಂತು, ಕಾಲು ಅಗಲಿಸಿ, ಕೋಲನ್ನು ಎರಡೂ ಕೈಯಿಂದ ಭದ್ರವಾಗಿ ಹಿಡಿದು, ತಲೆ ಬಗ್ಗಿಸಿದರು. ಎಲ್ಲ ಸರಿಯಾಗಿತ್ತು. ಆದರೆ ಮುಖ ಕೆರೆಯ ಕಡೆಗಿತ್ತು. ಗುಳಿ ಅವರ ಬೆನ್ನ ಹಿಂದಿತ್ತು.

ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ. ಆ ಗಳಿಗೆಯಲ್ಲೂ ನನ್ನ ತಲೆಗೆ ಬಂದದ್ದು ಪಂದ್ಯ. ಭುಜ ಹಿಡಿದು ಈ ಕಡೆ ತಿರುಗಿಸಿದರೆ ಮುಗಿಯಿತು. ಒಂದು ಮೊಳ. ಒಮ್ಮೆ ಮುಟ್ಟಿಸಿದರೆ ಬೀಳುತ್ತದೆ, ಬಿದ್ದ ಮೇಲೆ ಕೂರಿಸಿದರಾಯಿತು, ಮಾದೇಶ ಬರುವುದೂ ತಡವಿದೆ. ಅಷ್ಟರಲ್ಲಿ ಅವರ ಮೊಣಕಾಲು ನಡುಗಿದ್ದು ಕಂಡಿತು. ಚೆಂಡು ಎದುರಿಗಿರುವ ತನಕ ಈ ಮನುಷ್ಯ ಕೂರುವವರಲ್ಲ. ನಾನು ಬಗ್ಗಿ ಚೆಂಡನ್ನು ಎತ್ತಿ ಜೇಬಿಗೆ ಹಾಕಿಕೊಂಡೆ.

ಭಾವ ಖಾಲಿ ಹುಲ್ಲನ್ನು ನೋಡುತ್ತ ನಿಂತರು. ಎಲ್ಲಿ ಹೋಯಿತೆಂದು ಹುಡುಕುವ ಮಗುವಿನ ಮುಖ. ಆಮೇಲೆ ತಾವಾಗಿಯೇ ಕುಸಿದರು. ನಾನು ಮತ್ತು ಮೇಡಂ ಹಿಡಿದುಕೊಂಡು ನನ್ನ ಎದೆಗೆ ಒರಗಿಸಿ ಕೂರಿಸಿದೆವು.

ಮಾದೇಶ ಅಂಗಿಯ ಮಡಿಲಲ್ಲಿ ಸಕ್ಕರೆ ಸುರಿದುಕೊಂಡು ಏದುಸಿರು ಬಿಡುತ್ತ ಬಂದ. ನಾನು ಒಂದು ಹಿಡಿ ತೆಗೆದು ಭಾವನ ಬಾಯಿಗೆ ಒಯ್ದೆ. ಅವರು ತುಟಿ ಬಿಗಿಹಿಡಿದು, ನನ್ನ ಕೈಯನ್ನು ಮೆತ್ತಗೆ ಮಾದೇಶನ ಕಡೆಗೆ ತಳ್ಳಿದರು. "ಮೊದ್ಲು... ಅವ್ರಿಗೆ," ಎಂದರು. ಮಾತು ತೊದಲುತ್ತಿತ್ತು.

"ತಿನ್ನಿ ಬಾವ, ನಿಮ್ಮ ಕಾಲಿಗ್ ಬೀಳ್ತೀನಿ," ಎಂದೆ. ತಲೆ ಅಲ್ಲಾಡಿಸಿದರು. ಮಾದೇಶನಿಗೆ ಮೊದಲು ಹೊಳೆಯಿತು. ಅವನು ಗಬಕ್ಕನೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, "ನಂದಾಯ್ತು ಗೌಡ್ರೆ, ನೋಡಿ," ಎಂದು ನಾಲಗೆ ಚಾಚಿ ತೋರಿಸಿದ. ಸುಜಾತಾ ಮೇಡಂ ಒಂದು ಚಿಟಿಕೆ ತೆಗೆದುಕೊಂಡು, "ನಂದೂ ಆಯ್ತು," ಎಂದರು. ನಾನೂ ತಿಂದೆ. ಆಗ ಭಾವ ಬಾಯಿ ತೆರೆದರು.

ಎಷ್ಟು ಹೊತ್ತು ಹಾಗೆ ಕುಳಿತಿದ್ದೆವೋ ತಿಳಿಯದು. ಮಳೆ ಹನಿಯಲು ಶುರುವಾದರೂ ಯಾರೂ ಏಳಲಿಲ್ಲ. ನನ್ನ ಎದೆಗೆ ಒರಗಿದ್ದ ತಲೆ ಭಾರವಾದಷ್ಟೂ ಅಕ್ಕ ಗೇಟಿನ ಹತ್ತಿರ ನಿಂತಿರುವುದೇ ಕಣ್ಣಮುಂದೆ ಬರುತ್ತಿತ್ತು. ಕೊನೆಗೆ ಆ ತಲೆ ಅಲುಗಿತು. "ಯಾಕ್ಲಾ, ಎಲ್ಲಾ ಎಣ ಕಾಯೋರಂಗೆ ಕುಂತಿದ್ದೀರಿ? ಮಳೆ ಬತ್ತಾ ಐತೆ, ಕಣ್ ಕಾಣಕಿಲ್ವಾ?" ಎಂದಿತು ದನಿ. ಬೈಗುಳ ಕೇಳಿ ಅತ್ತವನು ಪ್ರಪಂಚದಲ್ಲಿ ನಾನೊಬ್ಬನೇ ಇರಬೇಕು.

ಆಮೇಲೆ ಶೆಡ್ಡಿನಲ್ಲಿ ಉಳಿದಿದ್ದ ಮುದ್ದೆಯನ್ನು ಮೇಡಂ ಎದುರು ಕುಳಿತು ಉಣ್ಣಿಸಿದರು. ಕಣ್ಣು ಕೀಳದೆ, ಪರೀಕ್ಷೆಯಲ್ಲಿ ಕಾಪಿ ಕಾಯುವ ಹಾಗೆ. "ಚೆಂಡೆಲ್ಲಿ?" ಎಂದರು ಭಾವ. ಜೇಬಿನಿಂದ ತೆಗೆದು ತೋರಿಸಿದೆ. ಮಾದೇಶ, "ವಾಪಸ್ ಇಟ್ಟು ಹೊಡೀರಿ ಗೌಡ್ರೆ, ನಾವೇನೂ ಅನ್ನಕಿಲ್ಲ," ಎಂದ. ಭಾವ ಬಹಳ ಹೊತ್ತು ಆ ಚೆಂಡನ್ನು ನೋಡಿದರು. "ಎತ್ತಿದ್ ಮೇಲೆ ಎತ್ತಿದಂಗೆಯ. ಕೋಳಿ ತಕಂಡ್ ಬತ್ತೀವಿ ಬುಡು," ಎಂದರು.

ಮಳವಳ್ಳಿಯಲ್ಲಿ ಗುರುತಿನ ಡಾಕ್ಟರಿಗೆ ತೋರಿಸಿ, ಅವರು ಸರಿ ಎಂದ ಮೇಲೆ ಮದ್ದೂರಿನ ರಸ್ತೆ ಹಿಡಿದೆವು. ಮದ್ದೂರು ದಾಟಿ ಗೆಜ್ಜಲಗೆರೆಯ ಹತ್ತಿರ ಪಾಳಿ ಬಿಟ್ಟ ಫ್ಯಾಕ್ಟರಿಯವರ ಬೈಕುಗಳು ರಸ್ತೆ ತುಂಬಿದ್ದವು. ಕಾರು ಆಮೆಯಂತೆ ತೆವಳುತ್ತಿದ್ದಾಗ ಭಾವ ಕೇಳಿದರು:

"ಎಷ್ಟ್ ದೂರ ಇತ್ಲಾ?"

"ಒಂದು ಮೊಳ, ಬಾವ."

"ಮೊಳಾನಾ? ಆಕ್ತಿದ್ದೆ."

"ಹಾಕ್ತಿದ್ರಿ," ಎಂದೆ. ಕಣ್ಣು ರಸ್ತೆಯ ಮೇಲಿಂದ ತೆಗೆಯಲಿಲ್ಲ.

ಭಾವ ಕಿಟಕಿಯ ಕಡೆ ತಿರುಗಿ, "ಇಲ್ಲ ಕಣ್ಲಾ," ಎಂದರು. "ಗುಳಿ ಎಲ್ಲೈತೆ ಅಂತಾನೇ ಕಾಣ್ನಿಲ್ಲ ನಂಗೆ. ಎಲ್ಲೈತೆ ಅಂತ ಕೇಳನ ಅಂದ್ರೆ ನೀನ್ಯಾರು ಅಂತ ಗೊತ್ತಾಗ್ನಿಲ್ಲ. ಬಯ ಆಗೋಯ್ತು." ಹಾವನ್ನು ಬರಿಗೈಯಲ್ಲಿ ಬಾಲ ಹಿಡಿದು ಎಸೆದ ಮನುಷ್ಯ ಅವರು. ಬಯ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ನನಗೂ ಭಯವಾಗಿತ್ತು ಎಂದೆ.

"ನಿಮ್ಮಕ್ಕಂಗೆ ಏಳ್ತೀಯಾ?"

"ಹೇಳ್ಲೇಬೇಕು ಬಾವ."

ಭಾವ ಕಿಟಕಿಯ ಗಾಜು ಏರಿಸಿಕೊಂಡರು.

ಮನೆ ಮುಟ್ಟಿದಾಗ ದೀಪ ಹಚ್ಚಿಯಾಗಿತ್ತು. ಜಯಕ್ಕ ಗೇಟಿನಲ್ಲೇ ಇದ್ದಳು. ನನ್ನನ್ನು ನೋಡಲೇ ಇಲ್ಲ. ಕಾರಿನಿಂದ ಇಳಿಯುವ ಗಂಡನ ಕಾಲನ್ನು, ಕೈಯನ್ನು, ಮುಖವನ್ನು ನೋಡಿದಳು. ದನಿ ಹಗುರ ಮಾಡಿಕೊಂಡು, "ಏನಾಯ್ತು, ಗೆದ್ರಾ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಭಾವ ಹೋಗಿ ಅವಳ ಮುಂದೆ ನಿಂತರು.

"ಸೋತ್ವಿ ಕಣೆ. ನಿನ್ ತಮ್ಮ ಚೆಂಡ್ ಎತ್ಕಬುಟ್ಟ," ಎಂದರು. "ಅದ್ಕೇ ಮನೇಗ್ ಬಂದಿವ್ನಿ."